ಜನರಲ್ ತಿಮ್ಮಯ್ಯ ಕಂಡ ಚೀನಾ: 1953ರಿಂದ 1962

ಆಲೂರು ತಾಲ್ಲೂಕಿನ ಕೆ. ಹೊಸಕೋಟೆಗೆ ಕೊಡಗಿನ ಕೊಡ್ಲಿಪೇಟೆ ಸೀಮೆ ದೂರವೇನಲ್ಲ. ಈ ಕಡೆಯ ತೋಟದ ಊರುಗಳಲ್ಲಿ ಚೀನಾದ ಮಾತೆದ್ದರೆ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯನವರ (1906–1965) ಹೆಸರು ಬರುವುದು ಸಹಜ. ‘ತಿಮ್ಮಯ್ಯನವರ ಮಾತು ಕೇಳಿದ್ದರೆ 1962ರ ಸೋಲು ಇರುತ್ತಿರಲಿಲ್ಲ’ ಎಂಬ ನಂಬಿಕೆಯೂ ಅದರ ಜೊತೆಗೇ ಬರುತ್ತದೆ. ಆದರೆ ಅವರ ಮಾತು ನಿಜಕ್ಕೂ ಏನಾಗಿತ್ತು? ಇದಕ್ಕೆ ಉತ್ತರ ಹುಡುಕುವವರು 1959ರ ರಾಜೀನಾಮೆ ಪ್ರಕರಣದಿಂದ ಹೊರಡುತ್ತಾರೆ. ಹೊರಡಬೇಕಾದದ್ದು ಕೊರಿಯಾದಿಂದ.

1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮವಾದಾಗ ಬಗೆಹರಿಯದೆ ಉಳಿದದ್ದು ಯುದ್ಧಕೈದಿಗಳ ಪ್ರಶ್ನೆ. ವಿಶ್ವಸಂಸ್ಥೆಯ ಪಡೆಗಳ ಸೆರೆಯಲ್ಲಿದ್ದವರಲ್ಲಿ 22,600ಕ್ಕೂ ಹೆಚ್ಚು ಮಂದಿ ಊರಿಗೆ ಮರಳಲು ಒಪ್ಪಿರಲಿಲ್ಲ. ಅವರಲ್ಲಿ ಸುಮಾರು 14,700 ಮಂದಿ ಚೀನೀಯರು. ಇವರ ಮನಸ್ಸು ಅರಿಯಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷರು ತಿಮ್ಮಯ್ಯ, ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ಮುಖ್ಯಸ್ಥರು. ಭಾರತೀಯ ಸೈನಿಕರು ತನ್ನ ನೆಲ ಮೆಟ್ಟಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದದ್ದರಿಂದ ಪಡೆಯನ್ನು ಇಂಚಾನ್‌ನಿಂದ ಹೆಲಿಕಾಪ್ಟರ್‌ಗಳಲ್ಲೇ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ತಟಸ್ಥರಿಗೆ ಸಿಕ್ಕ ಸ್ವಾಗತ ಇದು!

ಚೀನಾದ ಪ್ರತಿನಿಧಿಗಳು ಕೈದಿಗಳೆದುರು ನಿಂತು ಮರಳಿ ಬರುವಂತೆ ವಿವರಿಸಲು 90 ದಿನಗಳ ಅವಕಾಶವಿತ್ತು. ವಿವರಣೆ ನಡೆದದ್ದು ಬೆರಳೆಣಿಕೆಯ ದಿನಗಳಲ್ಲಿ ಮಾತ್ರ. ಶಿಬಿರಗಳ ಒಳಗೆ ತೈವಾನ್‌ನ ಆಡಳಿತಗಾರ ಚಿಯಾಂಗ್ ಕೈ-ಶೇಕ್ ಪರ ಮುಂದಾಳುಗಳ ಬಿಗಿಹಿಡಿತವಿತ್ತು; ಬಲವಂತವಾಗಿ ಹೊರಗೆಳೆದರೆ ರಕ್ತಪಾತ, ಬಿಟ್ಟರೆ ಬೀಜಿಂಗ್‌ನ ಆಕ್ಷೇಪ. ತಿಮ್ಮಯ್ಯ ಬಲಪ್ರಯೋಗದ ದಾರಿ ಹಿಡಿಯಲಿಲ್ಲ. ಕೊನೆಗೆ ಚೀನೀ, ಕೊರಿಯನ್ ಇಬ್ಬರನ್ನೂ ಸೇರಿಸಿ ಊರಿಗೆ ಮರಳಿದವರು ಆರುನೂರು ಚಿಲ್ಲರೆ. 1954ರ ಜನವರಿಯಲ್ಲಿ ಸುಮಾರು 14,000 ಚೀನೀಯರು ತೈವಾನ್ ಸೇರಿದರು. ಕೈದಿಯ ಇಷ್ಟಾನಿಷ್ಟದ ಪ್ರಶ್ನೆಯ ಬೆನ್ನಿಗೆ ‘ಚೀನಾ ಎಂದರೆ ಯಾರು, ಬೀಜಿಂಗೋ ತೈಪೆಯೋ’ ಎಂಬ ದೊಡ್ಡ ಪ್ರಶ್ನೆ ನಿಂತಿತ್ತು. ಬೀಜಿಂಗ್ ಪಟ್ಟು ಸಡಿಲಿಸದಿದ್ದುದಕ್ಕೆ ಇದೇ ಮುಖ್ಯ ಕಾರಣವೆಂದು ನನಗನಿಸುತ್ತದೆ. ಭಾರತದ ಸೇನಾಧಿಕಾರಿಗಳಲ್ಲಿ ಆ ಪಟ್ಟನ್ನು ಇಷ್ಟು ಹತ್ತಿರದಿಂದ, ಇಷ್ಟು ದಿನ ಎದುರಿಸಿದವರು ವಿರಳ.

1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. 1959ರ ಆಗಸ್ಟ್ 25ರಂದು ಭಾರತ-ಚೀನಾ ಗಡಿಯ ಲೋಂಗ್ಜುವಿನಲ್ಲಿ ಗುಂಡು ಹಾರಿತು. ವಾರ ತುಂಬುವುದರೊಳಗೆ, 31ರಂದು, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ವಿರಸದಿಂದ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಒತ್ತಾಯಕ್ಕೆ ಅದನ್ನು ಹಿಂಪಡೆದರು. ಎರಡೂ ಘಟನೆಗಳ ದಿನಾಂಕ ಹತ್ತಿರವಿರುವುದರಿಂದ ಜಗಳವೆಲ್ಲ ಚೀನಾ ಕುರಿತದ್ದೇ ಎಂದು ಓದುವ ರೂಢಿಯಿದೆ. ಅದು ಪೂರ್ತಿ ಸರಿಯಲ್ಲ. ಬಡ್ತಿಗಳ ವಿಚಾರ, ಸಚಿವರ ಕಾರ್ಯವೈಖರಿ ಎರಡೂ ಅದರಲ್ಲಿ ಬೆರೆತಿದ್ದವು.

ಅವರ ನಿಲುವು ಸ್ಪಷ್ಟವಾಗಿ ಸಿಗುವುದು ನಿವೃತ್ತಿಯ ನಂತರ, 1962ರ ಜುಲೈನಲ್ಲಿ ‘ಸೆಮಿನಾರ್’ ಪತ್ರಿಕೆಗೆ ಬರೆದ ಲೇಖನದಲ್ಲಿ. ಪಾಕಿಸ್ತಾನದೊಡನೆ ಪೂರ್ಣ ಯುದ್ಧದ ಸಾಧ್ಯತೆಯನ್ನು ಲೆಕ್ಕ ಹಾಕಬಲ್ಲೆ, ಚೀನಾದೊಡನೆ ಭಾರತ ಒಂಟಿಯಾಗಿ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿಯೂ ಊಹಿಸಲಾರೆ, ದೇಶದ ಭದ್ರತೆಯನ್ನು ರಾಜಕಾರಣಿಗಳು ಮತ್ತು ರಾಜತಂತ್ರಜ್ಞರೇ ನೋಡಿಕೊಳ್ಳಬೇಕು ಎಂಬುದು ಅದರ ತಿರುಳು. ಚೀನಾದ ಮೇಲೆ ಏರಿಹೋಗಲು ತವಕಿಸಿದ ದಂಡನಾಯಕನೆಂದು ಅವರನ್ನು ಚಿತ್ರಿಸುವವರಿಗೆ ಈ ಲೇಖನ ಇರಿಸುಮುರಿಸು ತರುತ್ತದೆ. ಸಿದ್ಧತೆಯಿಲ್ಲದೆ ಗಡಿಯಲ್ಲಿ ಮುಂದಡಿ ಇಟ್ಟವರಿಗೂ ಇದರಲ್ಲಿ ಸಮರ್ಥನೆಯಿಲ್ಲ. ಲೇಖನ ಬಂದ ಮೂರು ತಿಂಗಳಿಗೆ, ಅಕ್ಟೋಬರ್ 20ರಂದು, ಚೀನಾ ಗಡಿಯ ಪೂರ್ವ, ಪಶ್ಚಿಮ ಎರಡೂ ವಲಯಗಳಲ್ಲಿ ದಾಳಿಯಿಟ್ಟಿತು. ಕೊರಿಯಾದ ಅನುಭವವನ್ನು ತಿಮ್ಮಯ್ಯ ತಾವೇ ದಾಖಲಿಸಿದ ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’ ಅಚ್ಚಾದದ್ದು 1981ರಲ್ಲಿ. ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಲೇ ತೀರಿಕೊಂಡು ಆಗ ಹದಿನಾರು ವರ್ಷವಾಗಿತ್ತು.