‘ಜೈನ್’ ಎಂದು ಹೇಳಿ ತರಿಸಿದರೂ ಹೋಟೆಲ್ ಗ್ರೇವಿ ಹೊಟ್ಟೆಗೆ ಭಾರವಾಗುವುದೇಕೆ?

ದೇವದುರ್ಗ, ಮಾನ್ವಿ ಕಡೆಯ ಜೈನ ಕುಟುಂಬಗಳು ಖರೀದಿಗೋ, ಆಸ್ಪತ್ರೆಗೋ, ರೈಲು ಹಿಡಿಯುವುದಕ್ಕೋ ರಾಯಚೂರಿಗೆ ಬಂದರೆ ಒಂದು ಹೊತ್ತಿನ ಊಟ ಹೋಟೆಲಿನಲ್ಲೇ ಆಗುತ್ತದೆ. ಕುಳಿತ ಕೂಡಲೇ ಹೇಳುವ ಮೊದಲ ಮಾತು ‘ಜೈನ್ ಮಾಡಿ ಕೊಡಿ’. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ, ಹಸಿಶುಂಠಿ ಇಲ್ಲವೆಂದರೆ ಊಟ ಸಾತ್ವಿಕ, ಸಾತ್ವಿಕವಾದದ್ದು ಹಗುರ ಎಂಬುದು ನಮ್ಮವರ ಲೆಕ್ಕ. ಆದರೆ ಊರಿಗೆ ಮರಳುವ ಬಸ್ಸಿನಲ್ಲೇ ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ ಶುರುವಾಗುತ್ತದೆ. ಹಿರಿಯರಿಗಂತೂ ರಾತ್ರಿಯಿಡೀ ನಿದ್ದೆ ಇಲ್ಲ. ಕಂದಮೂಲವೇ ಇಲ್ಲದ ಊಟ ಹೀಗೇಕೆ ಮಾಡಿತು ಎಂಬ ಪ್ರಶ್ನೆ ಹಲವು ಮನೆಗಳಲ್ಲಿದೆ.

ಉತ್ತರ ಹೋಟೆಲಿನ ಅಡುಗೆಮನೆಯಲ್ಲಿದೆ. ಅಲ್ಲಿ ಪ್ರತಿ ಪ್ಲೇಟನ್ನೂ ಮೊದಲಿನಿಂದ ಮಾಡುವುದಿಲ್ಲ. ಕೆಂಪು, ಹಳದಿ, ಬಿಳಿ ಎಂದು ಎರಡು ಮೂರು ಬಗೆಯ ಗ್ರೇವಿ ದೊಡ್ಡ ಪಾತ್ರೆಗಳಲ್ಲಿ ಮೊದಲೇ ತಯಾರಾಗಿರುತ್ತದೆ. ಗಿರಾಕಿ ಹೇಳಿದ ಮೇಲೆ ಅದಕ್ಕೆ ಪನ್ನೀರೋ ಬಟಾಣಿಯೋ ಸೇರಿಸಿ, ಒಗ್ಗರಣೆ ಕೊಟ್ಟು, ಐದು ಹತ್ತು ನಿಮಿಷದಲ್ಲಿ ಮೇಜಿಗೆ ತರುತ್ತಾರೆ. ಕೆಂಪು ಮತ್ತು ಹಳದಿ ಗ್ರೇವಿಗೆ ಉಳ್ಳಾಗಡ್ಡಿಯೇ ಬುನಾದಿ. ಗಟ್ಟಿತನ, ಸಿಹಿ ಎರಡೂ ಅದರಿಂದಲೇ ಬರುತ್ತವೆ. ಅದನ್ನು ತೆಗೆದರೆ ಆ ಜಾಗ ತುಂಬಲು ಬೇರೇನಾದರೂ ಬೇಕಲ್ಲ? ಗೋಡಂಬಿ ಪೇಸ್ಟ್, ಮಗಜ್ ಬೀಜ, ಖೋವಾ, ಕ್ರೀಮ್, ಬೆಣ್ಣೆ, ಜೊತೆಗೆ ಹೆಚ್ಚು ಟೊಮೆಟೊ ಬಂದು ಕೂರುತ್ತವೆ. 100 ಗ್ರಾಂ ಗೋಡಂಬಿಯಲ್ಲಿ ಸುಮಾರು 45 ಗ್ರಾಂ ಕೊಬ್ಬೇ ಇರುತ್ತದೆ. ಪೊಟ್ಟಣದಲ್ಲಿ ಬರುವ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ. 25. ಇವೆಲ್ಲದರ ಮೇಲೆ ಒಗ್ಗರಣೆಯ ಎಣ್ಣೆ, ಅದರ ಮೇಲೆ ಅಂದಕ್ಕೆಂದು ಮತ್ತೊಂದು ಚಮಚ ಬೆಣ್ಣೆ. ಹೀಗಾಗಿ ಜೈನ್ ಕಾಜು ಮಸಾಲಾ ಅನೇಕ ಸಲ ಸಾಧಾರಣ ಪಲ್ಯಕ್ಕಿಂತ ಭಾರವಾದ ಪದಾರ್ಥ.

ಜಿಡ್ಡು ಹೆಚ್ಚಾದಷ್ಟೂ ಜಠರ ಖಾಲಿಯಾಗುವುದು ನಿಧಾನ. ಊಟ ಹೊಟ್ಟೆಯಲ್ಲೇ ನಿಂತಂತೆ ಅನಿಸುವುದು ಇದಕ್ಕೇ. ಅನ್ನನಾಳದ ಕೆಳತುದಿಯಲ್ಲಿರುವ ಬಿಗಿ ಸ್ನಾಯು ಜಿಡ್ಡಿನ ಊಟದಿಂದ ಸಡಿಲವಾಗುತ್ತದೆ. ಆಗ ಜಠರದ ಆಮ್ಲ ಮೇಲಕ್ಕೆ ಬಂದು ಎದೆ ಉರಿಯುತ್ತದೆ. ಟೊಮೆಟೊ ಹುಳಿ ಮತ್ತು ಖಾರ ಸೇರಿದರೆ ಉರಿ ಇಮ್ಮಡಿ. ರಾಯಚೂರು ಸೀಮೆಯಲ್ಲಿ ಆಂಧ್ರ, ತೆಲಂಗಾಣದ ಖಾರದ ರೂಢಿ ಇರುವುದು ಎಲ್ಲರಿಗೂ ಗೊತ್ತು. ಬಣ್ಣಕ್ಕೆ ಹೆಸರಾದ ಬ್ಯಾಡಗಿಗಿಂತ ಗುಂಟೂರು ಮೆಣಸಿನಕಾಯಿಯ ಖಾರ ಬಹಳ ಜಾಸ್ತಿ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಎಂಬ ಅಂಶವಿದೆ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುದುಗಿ ಗಾಳಿಯಾಗುತ್ತದೆ. ಅವನ್ನು ಬಿಟ್ಟವರಿಗೆ ಆ ಕಾಟ ಅಷ್ಟರಮಟ್ಟಿಗೆ ತಪ್ಪುತ್ತದೆ. ಆದರೆ ಗೋಡಂಬಿಯಲ್ಲೂ, ಗಟ್ಟಿತನಕ್ಕೆ ಕೆಲವರು ಹಾಕುವ ಎಲೆಕೋಸಿನಲ್ಲೂ ಗಾಳಿ ಎಬ್ಬಿಸುವ ಇಂಥದೇ ಬೇರೆ ಅಂಶಗಳಿವೆ. ಖೋವಾ, ಕ್ರೀಮಿನಲ್ಲಿರುವ ಹಾಲಿನ ಸಕ್ಕರೆ ವಯಸ್ಸಾದ ಅನೇಕರಿಗೆ ಸರಿಯಾಗಿ ಅರಗುವುದಿಲ್ಲ.

ಎಲ್ಲಕ್ಕಿಂತ ಕಡಿಮೆ ಗಮನ ಕೊಡುವ ವಿಷಯ ಹೊತ್ತು. ರಾತ್ರಿ ಭೋಜನ ತ್ಯಾಗ ಮಾಡಿದವರು ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಬೇಕು. ರಾಯಚೂರಿನಲ್ಲಿ ಚಳಿಗಾಲದಲ್ಲಿ 5.45ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಬೇಸಿಗೆಯಲ್ಲಿ 6.45 ಆಗುತ್ತದೆ. ಹೋಟೆಲಿನ ರಾತ್ರಿಯ ಅಡುಗೆ ಶುರುವಾಗುವುದು ಸಾಮಾನ್ಯವಾಗಿ ಅದಾದ ಮೇಲೆ. ಅಂದರೆ ಸಂಜೆ ಐದೂವರೆಗೆ ಹೋಗಿ ಕುಳಿತವರಿಗೆ ಬರುವುದು ಬಹುತೇಕ ಮಧ್ಯಾಹ್ನ ಉಳಿದ ಗ್ರೇವಿ. ಫ್ರಿಜ್ಜಿನಲ್ಲಿದ್ದರೆ ನಿನ್ನೆಯದೂ ಇರಬಹುದು. ರಾತ್ರಿ ಕಳೆದ ಅಡುಗೆ ಅಭಕ್ಷ್ಯವೆಂದು ಮನೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸುವವರು ಹೋಟೆಲಿನಲ್ಲಿ ಬೆಳ್ಳುಳ್ಳಿ ಇದೆಯೇ ಎಂದು ಮೂರು ಸಲ ಕೇಳುತ್ತಾರೆ, ಗ್ರೇವಿ ಯಾವಾಗ ಮಾಡಿದ್ದು ಎಂದು ಒಮ್ಮೆಯೂ ಕೇಳುವುದಿಲ್ಲ.

ಇದು ಬರೀ ಆಚಾರದ ಮಾತಲ್ಲ. ಬೇಯಿಸಿದ ಪದಾರ್ಥ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಗಂಟೆಗಟ್ಟಲೆ ಇದ್ದರೆ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ದೊಡ್ಡ ಪಾತ್ರೆಯ ದಪ್ಪ ಗ್ರೇವಿ ಆರಲು ಬಹಳ ಹೊತ್ತು ಬೇಕು, ಅಷ್ಟು ಹೊತ್ತೂ ಅದು ಅಪಾಯದ ಶಾಖದಲ್ಲೇ ಇರುತ್ತದೆ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಧ್ಯಾಹ್ನದ ಅನ್ನವೇ ಸಂಜೆ ಜೀರಾ ರೈಸ್ ಆಗಿ ಬಂದರೆ ಇದನ್ನು ನೆನಪಿಡಬೇಕು. ಊಟವಾದ ಕೆಲವೇ ಗಂಟೆಗಳಲ್ಲಿ ವಾಂತಿ ಅಥವಾ ಭೇದಿ ಶುರುವಾದರೆ, ಅದರಲ್ಲೂ ಜೊತೆಗೆ ಉಂಡವರಿಗೂ ಹಾಗೇ ಆದರೆ, ಅದು ಅಜೀರ್ಣಕ್ಕಿಂತ ವಿಷಾಹಾರವಿರುವ ಸಾಧ್ಯತೆ ಹೆಚ್ಚು. ವೈದ್ಯರನ್ನು ಕಾಣಬೇಕು.

ಕರಿದ ಎಣ್ಣೆಯದು ಇನ್ನೊಂದು ಕಥೆ. ಕೋಫ್ತಾವನ್ನು ಮೊದಲು ಕರಿದು ಆಮೇಲೆ ಗ್ರೇವಿಗೆ ಹಾಕುತ್ತಾರೆ. ಪನ್ನೀರನ್ನೂ ಹಾಗೆ ಕರಿಯುವುದುಂಟು. ಅದೇ ಎಣ್ಣೆ ಮತ್ತೆ ಮತ್ತೆ ಕಾದರೆ ಕೆಡುತ್ತದೆ. ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಶೇ. 25 ಮೀರಿದರೆ ಅದನ್ನು ಬಳಸಬಾರದೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಗಿರಾಕಿಗೆ ಅದನ್ನು ಅಳೆಯಲು ಬರುವುದಿಲ್ಲ, ಕಮಟು ವಾಸನೆ ಮೂಗಿಗೆ ಬಡಿದರೆ ಪ್ಲೇಟು ಬದಿಗಿಡಬಹುದು.

ಪಾರಣೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಪರ್ಯೂಷಣದಲ್ಲಿ ಅಠ್ಠಾಯಿ ಮಾಡಿದವರಿಗೆ, ದಶಲಕ್ಷಣದಲ್ಲಿ ಉಪವಾಸ ಮಾಡಿದವರಿಗೆ, ಪ್ರೀತಿಯಿಂದಲೇ ಮನೆಯವರು ಮರುದಿನ ಹೋಟೆಲಿಗೆ ಕರೆದೊಯ್ಯುವುದು ಈಚೆಗೆ ಕಾಣುತ್ತಿದೆ. ದಿನಗಟ್ಟಲೆ ಬಿಡುವಿನಲ್ಲಿದ್ದ ಹೊಟ್ಟೆಗೆ ಬಟರ್ ಮಸಾಲಾ, ನಾನ್ ಹಾಕುವುದು ತಪ್ಪು. ಹೆಸರುಬೇಳೆ ಕಟ್ಟು, ಗಂಜಿಯಿಂದ ಶುರುಮಾಡಿ ಎರಡು ಮೂರು ದಿನದ ಮೇಲೆ ಎಂದಿನ ಊಟಕ್ಕೆ ಬರುವ ಹಿರಿಯರ ಕ್ರಮವೇ ಸರಿ. ಮಧುಮೇಹದ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಉಪವಾಸ ಹಿಡಿಯಬೇಕು, ಕೇಳಿಯೇ ಬಿಡಬೇಕು.

ಹೋಟೆಲಿಗೆ ಹೋಗಲೇಬೇಕಾದಾಗ ಮಧ್ಯಾಹ್ನದ ಊಟವೇ ಒಳ್ಳೆಯದು. ಆ ಹೊತ್ತಿಗೆ ಅಡುಗೆ ಹೊಸದಾಗಿರುವ ಸಂಭವ ಹೆಚ್ಚು. ಉಂಡ ಮೇಲೆ ಮಲಗಲು ಇನ್ನೂ ಬಹಳ ಹೊತ್ತಿರುತ್ತದೆ. ಬಿಳಿ ಗ್ರೇವಿಯ ಬದಲು ದಾಲ್ ಫ್ರೈ, ಹೀರೇಕಾಯಿ ಅಥವಾ ಸೋರೆಕಾಯಿ ಪಲ್ಯ, ಜೋಳದ ರೊಟ್ಟಿ ಸಿಕ್ಕರೆ ಅದನ್ನೇ ತರಿಸಿ. ‘ಕ್ರೀಮ್ ಬೇಡ, ಎಣ್ಣೆ ಕಡಿಮೆ’ ಎಂದು ಮೊದಲೇ ಹೇಳಬೇಕು, ನಾಲ್ವರಿಗೆ ಎರಡು ಗ್ರೇವಿ ಸಾಕು. ಉಂಡ ಮೂರು ತಾಸು ಮಲಗಬಾರದು.

ಕೊನೆಯದಾಗಿ, ಮನೆಯಲ್ಲಿ ಹಿರಿಯರಿರುವವರು ತಿಳಿದಿರಲೇಬೇಕಾದದ್ದು. ಭಾರೀ ಊಟದ ನಂತರ ಎದೆ ಹಿಂಡಿದಂತಾಗಿ, ತಣ್ಣನೆಯ ಬೆವರು, ಎಡಗೈ ಅಥವಾ ದವಡೆಗೆ ನೋವು, ಉಸಿರು ಕಟ್ಟಿದಂತೆ ಆದರೆ ಅದನ್ನು ‘ಹೋಟೆಲ್ ಗ್ಯಾಸ್’ ಎಂದು ಸೋಡಾ, ಜೀರಿಗೆ ನೀರು ಕೊಟ್ಟು ಬೆಳಗಿನವರೆಗೆ ಕಾಯಬಾರದು. ಹೃದಯಾಘಾತವೂ ಹೀಗೇ ಬರುತ್ತದೆ. ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಬರೀ ಹೊಟ್ಟೆ ತೊಳಸಿದಂತೆ, ಸುಸ್ತಾದಂತೆ ಕಾಣಿಸಬಹುದು. ದೇವದುರ್ಗ, ಮಾನ್ವಿಯಿಂದ ರಾಯಚೂರಿನ ರಿಮ್ಸ್ ತಲುಪಲು ಒಂದು ತಾಸಿನ ಆಸುಪಾಸು ಬೇಕು. ಆದ್ದರಿಂದ ತಡಮಾಡದೆ 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು.