ಕತ್ತಲೆಯ ಮಿನುಗು, ಕಟ್ಟಿದ ಕಣ್ಣು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಜನರ ಹಳೆಯ ಗಾದೆ. ಕಣ್ಣಾರೆ ಕಂಡದ್ದಕ್ಕಿಂತ ಮಿಗಿಲಾದ ಸಾಕ್ಷ್ಯವಿಲ್ಲವೆಂದು ನಂಬಿದ ಜನರೇ ಈ ಮಾತನ್ನೂ ಆಡಿದರೆಂಬುದು ಗಮನಾರ್ಹ. ಆದರೆ ಕಂಡದ್ದನ್ನು ಪ್ರಮಾಣಿಸುವವರು ಯಾರು? ಅದೂ ಕಾಣುವ ಕಣ್ಣೇ ಅಲ್ಲವೆ? ಈ ಪ್ರಶ್ನೆಗೆ ಭೌತವಿಜ್ಞಾನದ ಒಂದು ಶಾಖೆ ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಕಂಡುಕೊಂಡ ಉತ್ತರದ ಇತಿಹಾಸವನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಅದು ವಿಕಿರಣಗಳನ್ನು ಎಣಿಸಿ, ಅವುಗಳ ಶಕ್ತಿಗನುಸಾರವಾಗಿ ವಿಂಗಡಿಸುವ ಶಾಸ್ತ್ರ. ಅದರ ಹೆಸರು ವಿಕಿರಣ ರೋಹಿತದರ್ಶನ.

ಕನ್ನಡದ ಅಧ್ಯಾಪಕನಾಗಿದ್ದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಆಕಸ್ಮಿಕವಾಗಿ. ಭೌತವಿಜ್ಞಾನದ ಸಹೋದ್ಯೋಗಿಯೊಬ್ಬರು ಒಮ್ಮೆ ತಮ್ಮ ಪ್ರಯೋಗಶಾಲೆಗೆ ಕರೆದೊಯ್ದಿದ್ದರು. ಮೇಜಿನ ಮೇಲೆ ವಿಕಿರಣವಸ್ತು ಯಾವುದೂ ಇರಲಿಲ್ಲ. ಆದರೂ ಗಣಕಯಂತ್ರದ ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಏರುತ್ತಿದ್ದವು. ಗಂಟೆಯೊಂದು ಕಳೆಯುವುದರೊಳಗೆ ಬಯಲಿನ ನಡುವಣ ಗುಡ್ಡದಂತೆ ಒಂದು ಶಿಖರ ಮೂಡಿತು. “ಇದು ಪೊಟ್ಯಾಸಿಯಂ 40. ಇದರ ಗ್ಯಾಮಾ ಕಿರಣದ ಶಕ್ತಿ 1461 ಕಿಲೋ ಎಲೆಕ್ಟ್ರಾನ್ ವೋಲ್ಟ್. ಈ ಗೋಡೆಯಲ್ಲಿದೆ, ನೆಲದಲ್ಲಿದೆ, ನಿಮ್ಮಲ್ಲಿ ನನ್ನಲ್ಲಿಯೂ ಇದೆ” ಎಂದರವರು. ಆ ಗುಡ್ಡವನ್ನು ಕಂಡು ನಾನು ಬೆರಗಾದೆ. ಅದರ ಪಕ್ಕದಲ್ಲಿ ನನಗೆ ಇನ್ನೂ ಎರಡು ಚಿಕ್ಕ ದಿಬ್ಬಗಳು ಕಂಡವು. ಅವರು ನಕ್ಕು, “ಅವು ಇಲ್ಲ, ನಿಮಗೆ ಕಾಣುತ್ತಿವೆ, ಅಷ್ಟೆ” ಎಂದರು. ಆ ಮಾತು ನನ್ನನ್ನು ಬಹುಕಾಲ ಕಾಡಿತು.

ಈ ಶಾಸ್ತ್ರದ ಮೊದಲ ಯಂತ್ರ ಮನುಷ್ಯನ ಕಣ್ಣೇ. ಸತುವಿನ ಸಲ್ಫೈಡ್ ಬಳಿದ ಚಿಕ್ಕ ಪರದೆಗೆ ಆಲ್ಫಾ ಕಣವೊಂದು ಬಡಿದರೆ, ಬಡಿದ ಎಡೆಯಲ್ಲಿ ಕ್ಷಣಮಾತ್ರ ಒಂದು ಮಿನುಗು ಹೊಮ್ಮುತ್ತದೆ. ಅದನ್ನು ಕಾಣಬೇಕಾದರೆ ಕತ್ತಲೆಯ ಕೋಣೆಯಲ್ಲಿ ಅರ್ಧ ಗಂಟೆ ಕುಳಿತು ಕಣ್ಣನ್ನು ಪಳಗಿಸಿ, ಬಳಿಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದೇ ಮಿನುಗನ್ನು ಎಣಿಸಬೇಕು. ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರ ಪ್ರಯೋಗಶಾಲೆಯಲ್ಲಿ 1909ರಲ್ಲಿ ಗೈಗರ್ ಮತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿ ಮಾರ್ಸ್‌ಡನ್ ಹೀಗೆ ಎಣಿಸಿಯೇ, ಪ್ಲಾಟಿನಂ ಹಾಳೆಗೆ ತಾಗಿದ ಕಣಗಳಲ್ಲಿ ಸುಮಾರು 8000ಕ್ಕೆ ಒಂದು ಹಿಂದಕ್ಕೆ ಪುಟಿಯುವುದೆಂದು ಕಂಡುಕೊಂಡರು. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆಯೆಂಬ ಮಹತ್ತರವಾದ ತತ್ತ್ವ ನಿಂತದ್ದು ಕತ್ತಲೆಯಲ್ಲಿ ದಣಿದ ಕಣ್ಣುಗಳ ಮೇಲೆ.

ಆದರೆ ಕಣ್ಣು ಸ್ವತಂತ್ರವಲ್ಲ. ಅದರ ಹಿಂದೆ ಮನಸ್ಸೊಂದಿದೆ. ಇದನ್ನು ಜಗತ್ತಿಗೆ ಕಲಿಸಿದ್ದು 1920ರ ದಶಕದ ಒಂದು ವಿವಾದ. ವಿಯೆನ್ನಾದ ರೇಡಿಯಂ ಸಂಶೋಧನಾ ಸಂಸ್ಥೆಯಲ್ಲಿ ಸ್ವೀಡನ್ನಿನ ಹಾನ್ಸ್ ಪೆಟರ್‌ಸನ್ ಮತ್ತು ಆಸ್ಟ್ರಿಯದ ಗೆರ್‌ಹಾರ್ಡ್ ಕಿರ್ಷ್ ಅವರು, ಆಲ್ಫಾ ಕಣಗಳ ಬಡಿತಕ್ಕೆ ಇಂಗಾಲವೂ ಸೇರಿದಂತೆ ಅನೇಕ ಧಾತುಗಳು ಒಡೆಯುವುವೆಂದು ಸಾರಿದರು. ಆ ವೇಳೆಗೆ ಕೇಂಬ್ರಿಜ್ಜಿಗೆ ಬಂದಿದ್ದ ರುದರ್‌ಫರ್ಡ್ ಮತ್ತು ಅವರ ಸಹಾಯಕ ಚಾಡ್ವಿಕ್ ಅಂಥದೇ ಪ್ರಯೋಗಗಳನ್ನು ಮಾಡಿ, ಹಾಗಿಲ್ಲವೆಂದರು. ಎರಡೂ ಕಡೆಯವರು ಪ್ರಾಮಾಣಿಕರು. ಎರಡೂ ಕಡೆ ಅದೇ ಬಗೆಯ ಪರದೆ, ಅದೇ ಬಗೆಯ ಮಿನುಗು. ಆದರೂ ಎಣಿಕೆ ಮಾತ್ರ ಬೇರೆ.

1927ರ ಡಿಸೆಂಬರಿನಲ್ಲಿ ಚಾಡ್ವಿಕ್ ವಿಯೆನ್ನಾಕ್ಕೆ ಹೋದರು. ಅಲ್ಲಿ ಮಿನುಗುಗಳನ್ನು ಎಣಿಸುತ್ತಿದ್ದವರು ತರುಣಿಯರು. ಯಾವ ಪ್ರಯೋಗ ನಡೆಯುತ್ತಿದೆ, ಎಷ್ಟು ಮಿನುಗು ಕಾಣಬೇಕು ಎಂಬುದನ್ನು ಅವರಿಗೆ ಮೊದಲೇ ತಿಳಿಸುವ ರೂಢಿಯಿತ್ತು. ಚಾಡ್ವಿಕ್ ಅವರನ್ನೇ ಎಣಿಕೆಗೆ ಕೂರಿಸಿದರು. ಆದರೆ ಏನನ್ನೂ ಹೇಳಲಿಲ್ಲ. ಆಗ ಅವರ ಎಣಿಕೆ ಕೇಂಬ್ರಿಜ್ಜಿನ ಎಣಿಕೆಗೆ ಹೊಂದಿಕೊಂಡಿತು! ಆ ತರುಣಿಯರಲ್ಲಿ ದೋಷವಿರಲಿಲ್ಲ; ಏನೂ ಹೇಳದೆ ಕೂರಿಸಿದಾಗ ಅವರು ಸರಿಯಾಗಿಯೇ ಎಣಿಸಿದರು. ದೋಷವಿದ್ದದ್ದು ಕಾಣುವುದಕ್ಕೆ ಮೊದಲೇ ಕಾಣಬೇಕಾದುದನ್ನು ಹೇಳಿಬಿಡುವ ಪದ್ಧತಿಯಲ್ಲಿ. ಇಲ್ಲಿ ಇನ್ನೊಂದು ಮಾತನ್ನೂ ಹೇಳುವುದು ನ್ಯಾಯ. ಅದೇ ಸಂಸ್ಥೆಯಲ್ಲಿ ದುಡಿದ ಮರಿಯೆಟ್ಟಾ ಬ್ಲೌ ಎಂಬ ವಿದುಷಿ, ಕಣಗಳ ಜಾಡನ್ನು ಛಾಯಾಫಲಕದ ಮೇಲೆ ಶಾಶ್ವತವಾಗಿ ಮೂಡಿಸುವ ವಿಧಾನವನ್ನು ಬೆಳೆಸಿದರು. ಮಿನುಗು ಮಾಯವಾಗುತ್ತದೆ, ಫಲಕ ಉಳಿಯುತ್ತದೆ, ಯಾರು ಬೇಕಾದರೂ ಮತ್ತೆ ನೋಡಬಹುದು.

ಈ ಪ್ರಸಂಗದ ತರುವಾಯ ಕಣ್ಣಿನ ಎಣಿಕೆಯ ಕಾಲ ಮುಗಿಯುತ್ತ ಬಂತು. 1928ರಲ್ಲಿ ಗೈಗರ್ ಮತ್ತು ಮ್ಯೂಲರ್ ತಮ್ಮ ಎಣಿಕೆಯ ನಳಿಗೆಯನ್ನು ರೂಪಿಸಿದರು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದದ್ದು ವಿದ್ಯುತ್ತಿನ ಎಣಿಕೆಯಿಂದಲೇ. ಇನ್ನು ಬೇಕಾಗಿದ್ದುದು ಎಣಿಸುವುದಷ್ಟೇ ಅಲ್ಲ, ತೂಗುವುದು. ಬಂದ ಕಣವೆಷ್ಟು ಶಕ್ತಿಯದೆಂದು ಗೊತ್ತುಮಾಡುವುದು. 1948ರಲ್ಲಿ ಹಾಫ್‌ಸ್ಟಾಟರ್ ಬಳಕೆಗೆ ತಂದ, ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳಿನಲ್ಲಿ ಮಿನುಗಿನ ಪ್ರಖರತೆ ಕಿರಣದ ಶಕ್ತಿಗೆ ಅನುಗುಣವಾಗಿರುತ್ತಿತ್ತು. ಆ ಮಿನುಗನ್ನು ವಿದ್ಯುತ್ ಸ್ಪಂದವಾಗಿ ಮಾರ್ಪಡಿಸಿದರೆ, ಸ್ಪಂದದ ಎತ್ತರವೇ ಶಕ್ತಿಯ ಅಳತೆ.

ಎತ್ತರವನ್ನು ಅಂಕಿಯಾಗಿಸುವ ಉಪಾಯವೊಂದನ್ನು 1950ರಲ್ಲಿ ಕೇಂಬ್ರಿಜ್ಜಿನ ಡೆನಿಸ್ ವಿಲ್ಕಿನ್ಸನ್ ಪ್ರಕಟಿಸಿದರು. ಅದು ನಮ್ಮ ಹಿಂದಿನವರ ಗಳಿಗೆ ಬಟ್ಟಲನ್ನು ನೆನಪಿಗೆ ತರುವಂಥದು. ಒಂದು ಪಾತ್ರೆಯಲ್ಲಿ ಎಷ್ಟು ನೀರಿದೆಯೆಂದು ತಿಳಿಯಬೇಕೆನ್ನಿ; ಅದನ್ನು ಒಂದೇ ವೇಗದಲ್ಲಿ ಸೋರಬಿಟ್ಟು, ಬರಿದಾಗುವವರೆಗೆ ಸಮಯವನ್ನು ಎಣಿಸಿದರೆ ಸಾಕು. ವಿಲ್ಕಿನ್ಸನ್ ಹೀಗೆಯೇ ವಿದ್ಯುದಂಶವನ್ನು ಸಮವೇಗದಲ್ಲಿ ಬರಿದುಮಾಡಿ, ಅಷ್ಟು ಹೊತ್ತು ಮಿಡಿತಗಳನ್ನು ಎಣಿಸಿದರು. ಅವರ ಯಂತ್ರದಲ್ಲಿ ಇದ್ದದ್ದು 99 ಗೂಡುಗಳು. ಬಂದ ಪ್ರತಿಯೊಂದು ಸ್ಪಂದವೂ ತನ್ನ ಎತ್ತರಕ್ಕೆ ತಕ್ಕ ಗೂಡಿಗೆ ಒಂದು ಎಣಿಕೆಯಾಗಿ ಸೇರಿತು. ಇಂದು ಪ್ರಯೋಗಶಾಲೆಗಳ ಗಣಕಗಳು 4096 ಅಥವಾ 8192 ಗೂಡುಗಳಲ್ಲಿ ಇದೇ ಕೆಲಸವನ್ನು ಮಾಡುತ್ತವೆ.

1960ರ ದಶಕದಲ್ಲಿ ಲಿಥಿಯಂ ಬೆರೆತ ಜರ್ಮೇನಿಯಂ ಹರಳುಗಳು ಬಂದಾಗ ದೃಶ್ಯವೇ ಬದಲಾಯಿತು. ಸೀಸಿಯಂ 137ರ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣವು ಸೋಡಿಯಂ ಅಯೋಡೈಡಿನಲ್ಲಿ ಸುಮಾರು 45ರಷ್ಟು ಅಗಲದ ಗುಡ್ಡವಾಗಿ ಕಾಣುತ್ತದೆ. ಇಂದಿನ ಒಳ್ಳೆಯ ಜರ್ಮೇನಿಯಂ ಹರಳಿನಲ್ಲಿ ಅದೇ ಶಿಖರದ ಅಗಲ 2ಕ್ಕಿಂತಲೂ ಕಡಮೆ. ಒಂದು ಗುಡ್ಡವೆಂದು ತಿಳಿದಿದ್ದೆಡೆ ಹತ್ತು ಶಿಖರಗಳು ಎದ್ದು ನಿಂತವು. ಅವನ್ನು ಕೈಯಿಂದ ಬಿಡಿಸುವುದು ಅಸಾಧ್ಯವಾಯಿತು. ಆಗ ಹುಟ್ಟಿದ್ದೇ ರೋಹಿತವನ್ನು ಓದುವ ತಂತ್ರಾಂಶ. 1967ರಲ್ಲಿ ಮರಿಸ್ಕೊಟ್ಟಿ, ಗೂಡುಗಳ ಎಣಿಕೆಗಳ ನಡುವಣ ವ್ಯತ್ಯಾಸದ ವ್ಯತ್ಯಾಸವನ್ನು ಲೆಕ್ಕಹಾಕಿ ಶಿಖರವನ್ನು ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದರು. 1969ರಲ್ಲಿ ರೌಟ್ಟಿ ಮತ್ತು ಪ್ರಸಿನ್ ಅವರ ‘ಸ್ಯಾಂಪೊ’ ಎಂಬ ಕ್ರಮವಿಧಿ ಬಂತು. ಏರಿಳಿತ ಆಕಸ್ಮಿಕದ ಮಿತಿಯನ್ನು ಮೀರಿದರೆ ಮಾತ್ರ ಶಿಖರ, ಇಲ್ಲವಾದರೆ ಅಲ್ಲ. ಅಂದು ನಾನು ಕಂಡ ಎರಡು ದಿಬ್ಬಗಳನ್ನು ನಿರಾಕರಿಸಿದ್ದು ಇಂಥದೇ ಲೆಕ್ಕ.

ಹಾಗಾದರೆ ಕಣ್ಣಿನ ದೋಷ ಯಂತ್ರದಿಂದ ಕಳೆಯಿತೆ? ಕಳೆಯಲಿಲ್ಲ; ಅದು ಕಣ್ಣಿನಿಂದ ಲೆಕ್ಕಕ್ಕೆ ಸರಿಯಿತು. 1985ರಲ್ಲಿ ಕೆನಡದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಜಾನ್ ಸಿಂಪ್ಸನ್, ಟ್ರಿಟಿಯಂ ಹೊರಸೂಸುವ ಎಲೆಕ್ಟ್ರಾನುಗಳ ರೋಹಿತದಲ್ಲಿ ಒಂದು ಸಣ್ಣ ಕೊಂಕನ್ನು ಕಂಡು, 17 ಕಿಲೋ ಎಲೆಕ್ಟ್ರಾನ್ ವೋಲ್ಟ್ ತೂಕದ ಹೊಸ ನ್ಯೂಟ್ರಿನೊ ಇದೆಯೆಂದು ವಾದಿಸಿದರು. ಕೆಲವರಿಗೆ ಅದು ಕಾಣಲಿಲ್ಲ. 1991ರಲ್ಲಿ ಆಕ್ಸ್‌ಫರ್ಡಿನವರಿಗೆ ಕಂಡಿತು. ರೋಹಿತದ ಎಷ್ಟು ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದರ ಮೇಲೆಯೇ ವಾದ ಬೆಳೆಯಿತು. ಕೊನೆಗೆ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯವರು 1993ರಲ್ಲಿ ಮಾಡಿದ್ದು ಬಹು ಸೊಗಸಾದ ಪರೀಕ್ಷೆ. ‘ನಮಗೆ ಕಾಣಲಿಲ್ಲ’ ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ತಮ್ಮ ಗಂಧಕ 35ರೊಳಗೆ ಸ್ವಲ್ಪ ಇಂಗಾಲ 14ನ್ನು ಬೇಕೆಂದೇ ಬೆರೆಸಿ, ಅಂಥದೊಂದು ಕೊಂಕನ್ನು ತಾವೇ ಉಂಟುಮಾಡಿ, ಇದ್ದರೆ ನಮಗೆ ಕಾಣುತ್ತದೆಂದು ಮೊದಲು ತೋರಿಸಿದರು. ಆಕ್ಸ್‌ಫರ್ಡಿನ ಹೈಮ್ ಕೂಡ ತಮ್ಮ ಕೊಂಕು ಎಲೆಕ್ಟ್ರಾನುಗಳ ಚದುರುವಿಕೆಯನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದುದರ ಫಲವೆಂದು ತೋರಿಸಿ, ತಮ್ಮ ಹಿಂದಿನ ಮಾತನ್ನು ತಾವೇ ಬಿಟ್ಟುಕೊಟ್ಟರು. ಕಂಡೆನೆಂದವನೇ ಕಾಣಲಿಲ್ಲವೆನ್ನುವುದು ಸಣ್ಣ ಮಾತಲ್ಲ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ತರುಣನಾಗಿದ್ದಾಗ ಒಂದು ವೀರಗಲ್ಲಿನ ಶಾಸನದಲ್ಲಿ ಸವೆದ ಎರಡು ಅಕ್ಷರಗಳನ್ನು ನನ್ನ ವಾದಕ್ಕೆ ಬೇಕಾದ ಹೆಸರಾಗುವಂತೆ ಓದಿದ್ದೆ. ನನಗೆ ಅವು ಸ್ಪಷ್ಟವಾಗಿಯೇ ಕಂಡಿದ್ದವು. ನನ್ನ ಗುರುಗಳು ಅದರ ಅಚ್ಚನ್ನು, ನನ್ನ ವಾದವೇನೆಂದು ತಿಳಿಯದ ಮತ್ತೊಬ್ಬ ವಿದ್ಯಾರ್ಥಿಯ ಕೈಗಿತ್ತು ಓದಿಸಿದರು. ಅವನು ಓದಿದ್ದು ಬೇರೆಯೇ. ಗುರುಗಳು ನನ್ನನ್ನು ಗದರಲಿಲ್ಲ. ಆ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಬರೆದರು. ಚಾಡ್ವಿಕ್ ವಿಯೆನ್ನಾದಲ್ಲಿ ಮಾಡಿದ್ದೂ ಇದನ್ನೇ.

ಇಂದು ಆ ಎಚ್ಚರವೇ ಒಂದು ಶಿಸ್ತಾಗಿದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿರುವ ‘ಕ್ಯಾಟ್ರಿನ್’ ಪ್ರಯೋಗ ಅದೇ ಟ್ರಿಟಿಯಂ ರೋಹಿತದ ತುದಿಯಿಂದ ನ್ಯೂಟ್ರಿನೊವಿನ ತೂಕವನ್ನು ಅಳೆಯುವ ಯತ್ನ. ಅದರ ವಿಜ್ಞಾನಿಗಳು ಮೊದಲು ಕೃತಕವಾದ ದತ್ತಾಂಶದ ಮೇಲೆ ತಮ್ಮ ತಂತ್ರಾಂಶವನ್ನು ಪರೀಕ್ಷಿಸಿದರು. ಲೆಕ್ಕದ ಒಂದು ಮುಖ್ಯ ಅಂಶವನ್ನು ಮರೆಮಾಚಿ, ವಿಧಾನವೆಲ್ಲವೂ ನಿಶ್ಚಯವಾದ ಮೇಲೆಯೇ ಮರೆಯನ್ನು ಸರಿಸಿದರು. 2019ರಲ್ಲಿ ಆ ತೂಕ 1.1 ಎಲೆಕ್ಟ್ರಾನ್ ವೋಲ್ಟಿಗಿಂತ ಕಡಮೆಯೆಂದೂ 2025ರಲ್ಲಿ 0.45ಕ್ಕಿಂತ ಕಡಮೆಯೆಂದೂ ಪ್ರಕಟಿಸಿದರು.

ನಮ್ಮ ಪುರಾಣದ ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡದ್ದು ಪತಿ ಕಾಣದ ಲೋಕ ತನಗೂ ಬೇಡವೆಂದು. ಆ ಬಟ್ಟೆಯನ್ನು ಆಕೆ ಬಾಳೆಲ್ಲ ಹೊತ್ತಳು. ಈ ವಿಜ್ಞಾನಿಗಳು ಕಟ್ಟಿಕೊಳ್ಳುವ ಬಟ್ಟೆ ಅಂಥದಲ್ಲ. ಬೇಕಾದುದನ್ನು ಕಾಣುವ ಕಣ್ಣಿಗೆ ಅವರು ಸ್ವಲ್ಪ ಕಾಲ ಕಟ್ಟು ಹಾಕುತ್ತಾರೆ, ಇದ್ದುದನ್ನು ಕಾಣುವ ಕಣ್ಣು ತೆರೆಯಲೆಂದು. ಪ್ರತ್ಯಕ್ಷವಾಗಿ ಕಂಡದ್ದನ್ನು ಪ್ರಮಾಣಿಸುವ ಬಗೆ ಇದೇ ಇರಬೇಕು. ಗ್ರಂಥ ಸಂಪಾದಿಸುವವರಿಗೆ, ಇತಿಹಾಸ ಬರೆಯುವವರಿಗೆ, ದಿನವೂ ನೆರೆಯವರನ್ನು ಅಳೆಯುವ ನಮಗೆಲ್ಲರಿಗೂ ಆ ಬಟ್ಟೆಯ ಒಂದು ತುಂಡು ದೊರೆತರೆ ಒಳ್ಳೆಯದು.