ಬೈಕೂ ಅಲ್ಲ, ಕಾರೂ ಅಲ್ಲ: ಸೂರುಳ್ಳ ಸವಾರಿಯ ಕಥೆ

ಮಳೆ ಜಡಿಯುವಾಗ ಮೇಲ್ಸೇತುವೆಯ ಕೆಳಗೆ ಬೈಕ್ ನಿಲ್ಲಿಸಿ ಕಾಯುವ ಸವಾರನಿಗೆ ಒಮ್ಮೆಯಾದರೂ ಹೊಳೆಯುವ ಪ್ರಶ್ನೆ: ಇದಕ್ಕೊಂದು ಸೂರು ಏಕಿರಬಾರದು? ಯುರೋಪಿನ ತಂತ್ರಜ್ಞರು ಏಳು ದಶಕಗಳಿಂದ ಇದಕ್ಕೆ ಉತ್ತರ ಹುಡುಕುತ್ತಲೇ ಬಂದಿದ್ದಾರೆ. ಅವರು ರೂಪಿಸಿದ ವಾಹನಗಳು ಓಡಿದವು, ಬಹುಮಾನವನ್ನೂ ಗೆದ್ದವು. ಆದರೆ ಬೀದಿಯಲ್ಲಿ ನೆಲೆ ನಿಲ್ಲಲಿಲ್ಲ. ಇದರಲ್ಲಿ ತಂತ್ರಜ್ಞಾನದಷ್ಟೇ ಕಾನೂನಿನ ಪಾತ್ರವೂ ಇದೆ.

ವಿಮಾನದ ಛಾಯೆ

ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ವಿಮಾನ ತಯಾರಿಕೆಗೆ ನಿಷೇಧವಿತ್ತು. ವಿಮಾನ ತಂತ್ರಜ್ಞ ಫ್ರಿಟ್ಸ್ ಫೆಂಡ್ ಅಂಗವಿಕಲರಿಗಾಗಿ ಪುಟ್ಟ ಗಾಡಿಗಳನ್ನು ರೂಪಿಸುತ್ತಿದ್ದರು. ಅದೇ ಮುಂದೆ ಮೆಸರ್‌ಸ್ಮಿಟ್ ಕಂಪನಿಯ ಮೂರು ಚಕ್ರದ ವಾಹನವಾಯಿತು. 1955ರಲ್ಲಿ ಬಂದ ಕೆಆರ್200 ಮಾದರಿಯಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ಕೂರಬೇಕಿತ್ತು. ತಲೆಯ ಮೇಲೆ ಪಾರದರ್ಶಕ ಗುಮ್ಮಟ. ಅದೇ ಕಾಲದ ಬಿಎಂಡಬ್ಲ್ಯು ಐಸೆಟ್ಟಾಗೆ ಬಾಗಿಲಿದ್ದುದು ಮುಂಭಾಗದಲ್ಲಿ. ಬ್ರಿಟನ್ನಿನಲ್ಲಿ ಅದರ ಮೂರು ಚಕ್ರದ ಮಾದರಿಯನ್ನು ಮೋಟಾರ್‌ಸೈಕಲ್ ಪರವಾನಗಿಯಲ್ಲೇ ಓಡಿಸಬಹುದಿತ್ತು. ವಾಹನದ ಆಕಾರವನ್ನು ಕಾನೂನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ನಿಂತಾಗ ಚಾಚುವ ಚಕ್ರ

ಎರಡೇ ಚಕ್ರದ ವಾಹನವನ್ನು ಪೂರ್ತಿ ಮುಚ್ಚಿದರೆ ಒಂದು ತೊಡಕು ಎದುರಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸವಾರ ಕಾಲೂರುವಂತಿಲ್ಲ. ಸ್ವಿಟ್ಜರ್‌ಲೆಂಡಿನ ವಿಮಾನ ಚಾಲಕ ಆರ್ನಾಲ್ಡ್ ವಾಗ್ನರ್ 1980ರ ದಶಕದಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು. ಅವರ ಇಕೋಮೊಬೈಲ್ ನಿಧಾನಿಸಿದಾಗ ಎರಡೂ ಬದಿಯಿಂದ ಪುಟ್ಟ ಚಕ್ರಗಳು ಕೆಳಗಿಳಿಯುತ್ತವೆ. ವೇಗ ಪಡೆದ ಮೇಲೆ ಮಡಚಿಕೊಳ್ಳುತ್ತವೆ. ಉದ್ದನೆಯ ನುಣುಪು ಹೊದಿಕೆ ಗಾಳಿಯನ್ನು ಸುಲಭವಾಗಿ ಸೀಳುವುದರಿಂದ ಇಂಧನ ಉಳಿಯುತ್ತದೆ. ಇದೇ ವಂಶದ ವಿದ್ಯುತ್ ವಾಹನವೊಂದು 2010ರಲ್ಲಿ ಅಮೆರಿಕದ ಆಟೊಮೊಟಿವ್ ಎಕ್ಸ್ ಪ್ರೈಜ್ ಸ್ಪರ್ಧೆಯಲ್ಲಿ 25 ಲಕ್ಷ ಡಾಲರ್ ಗೆದ್ದಿತು. ಲೀಟರ್ ಪೆಟ್ರೋಲಿಗೆ ಸಮಾನವಾದ ಶಕ್ತಿಯಲ್ಲಿ ಸುಮಾರು 42.5 ಕಿ.ಮೀ. ಓಡಬೇಕೆಂಬುದು ಅಲ್ಲಿನ ಷರತ್ತಾಗಿತ್ತು. ಆದರೆ ದುಬಾರಿ ಬೆಲೆಯಿಂದಾಗಿ ಈ ವಾಹನಗಳು ಜನಸಾಮಾನ್ಯರನ್ನು ತಲುಪಲಿಲ್ಲ.

ಹೆಲ್ಮೆಟ್ ತಕರಾರು

ಜನಸಾಮಾನ್ಯರನ್ನು ಗುರಿಯಾಗಿಸಿ 2000ದಲ್ಲಿ ಬಂದದ್ದು ಬಿಎಂಡಬ್ಲ್ಯು ಸಿ1 ಸ್ಕೂಟರ್. ಅಲ್ಯೂಮಿನಿಯಂ ಚೌಕಟ್ಟು, ಮೇಲೊಂದು ಸೂರು, ಸವಾರನಿಗೆ ಎರಡು ಸೀಟ್ ಬೆಲ್ಟ್. ಡಿಕ್ಕಿಯಾದರೂ ಸವಾರ ಚೌಕಟ್ಟಿನೊಳಗೇ ಉಳಿಯಬೇಕೆಂಬುದು ವಿನ್ಯಾಸದ ಉದ್ದೇಶ. ಹೀಗಾಗಿ ಬೆಲ್ಟ್ ಧರಿಸಿದರೆ ಹೆಲ್ಮೆಟ್ ಬೇಡವೆಂದು ಜರ್ಮನಿ ಒಪ್ಪಿತು, ಬ್ರಿಟನ್ ಒಪ್ಪಲಿಲ್ಲ. ಜತೆಗೆ ಹಿಂಬದಿ ಸವಾರನ ಆಸನವಿದ್ದುದು ಈ ರಕ್ಷಣಾ ಚೌಕಟ್ಟಿನ ಹೊರಗೆ. 2002ರಲ್ಲಿ ತಯಾರಿಕೆ ನಿಂತಿತು.

ಬೆಂಗಳೂರಿನ ಪಾಠ

ವರ್ಗೀಕರಣದ ಈ ಗೊಂದಲಕ್ಕೆ ಕರ್ನಾಟಕದ ನಂಟೂ ಇದೆ. ಬೆಂಗಳೂರಿನಲ್ಲಿ ತಯಾರಾದ ರೇವಾ ವಿದ್ಯುತ್ ಕಾರು ಲಂಡನ್ನಿನಲ್ಲಿ ಜಿ-ವಿಝ್ ಹೆಸರಿನಿಂದ ಓಡಾಡಿತು. ಅಲ್ಲಿನ ದಾಖಲೆಗಳಲ್ಲಿ ಅದು ಕಾರಲ್ಲ, ಕ್ವಾಡ್ರಿಸೈಕಲ್. ಆದ್ದರಿಂದಲೇ ಕಾರುಗಳ ಕಠಿಣ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಾಗಿರಲಿಲ್ಲ. 2007ರಲ್ಲಿ ನಡೆದ ಪರೀಕ್ಷೆಗಳು ಅದರ ಸುರಕ್ಷತೆಯನ್ನೇ ಪ್ರಶ್ನಿಸಿದವು. ಭಾರತದಲ್ಲಿ ಖಾಸಗಿ ಬಳಕೆಗೂ ಕ್ವಾಡ್ರಿಸೈಕಲ್‌ಗೆ ದಾರಿಯಾದದ್ದು 2018ರ ಅಧಿಸೂಚನೆಯಿಂದ.

ಸೂರುಳ್ಳ ದ್ವಿಚಕ್ರ ವಾಹನಕ್ಕೆ ನಮ್ಮಲ್ಲಿ ಅಂಥ ಪ್ರತ್ಯೇಕ ವರ್ಗವಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದೆ. ಸೂರಿನ ಬಗ್ಗೆ ಅದು ಮೌನವಾಗಿದೆ. ಹಾಗೆಂದು ವಿನಾಯಿತಿಗೆ ಆತುರ ಸಲ್ಲದು. ಸೂರು ಮಳೆಯನ್ನು ತಡೆದೀತು. ಅದು ಜೀವವನ್ನೂ ಕಾಯುತ್ತದೆಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಅಲ್ಲಿಯವರೆಗೆ ನಮ್ಮ ಸವಾರನಿಗೆ ರೇನ್‌ಕೋಟು, ಹೆಲ್ಮೆಟ್ಟು ಮತ್ತು ಮೇಲ್ಸೇತುವೆಯೇ ಗತಿ.